ಕೋಟಿಗೊಂದು ಕಿರಣ

ಶಸ್ತ್ರವೈದ್ಯರು ರೋಗಿಯ ತಲೆಬುರುಡೆಯನ್ನು ತೆರೆದಿದ್ದಾರೆ. ಮಿದುಳಿನ ಗಡ್ಡೆಯಿಂದ ಒಂದು ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸಿದ್ದಾರೆ. ಅದನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಕೊಯ್ದು, ಬಣ್ಣವೇರಿಸಿ, ತಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡಿ ಉತ್ತರ ಹೇಳುವ ವೇಳೆಗೆ 20-30 ನಿಮಿಷಗಳು ಕಳೆಯುತ್ತವೆ. ಕೊಯ್ಯದೆ, ಬಣ್ಣವೇರಿಸದೆ, ಆ ಚೂರೇ ತನ್ನ ಗುರುತನ್ನು ಹೇಳುವಂತಿದ್ದರೆ?

ಹಾಗೆ ಹೇಳಿಸುವ ಮಾರ್ಗವನ್ನು ತೆರೆದವರು ನಮ್ಮ ಸಿ. ವಿ. ರಾಮನ್. 1928ರ ಫೆಬ್ರವರಿ 28ರಂದು ಅವರು ಕೆ. ಎಸ್. ಕೃಷ್ಣನ್‌ರೊಡನೆ ಕಲ್ಕತ್ತೆಯಲ್ಲಿ ಕಂಡ ಸಂಗತಿ ಇದು: ವಸ್ತುವಿನಿಂದ ಚದರಿದ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಕಣವು ಅಣುಗಳ ಕಂಪನಕ್ಕೆ ತನ್ನ ಶಕ್ತಿಯನ್ನು ತೆತ್ತೋ, ಅದರಿಂದ ಪಡೆದೋ, ಬಣ್ಣ ಬದಲಿಸಿ ಬರುತ್ತದೆ. ಈ ಬದಲಾವಣೆ ಒಂದೊಂದು ವಸ್ತುವಿಗೂ ಒಂದೊಂದು ಬಗೆ. ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸುವಂತೆ ಇದರಿಂದ ವಸ್ತುವನ್ನು ಗುರುತಿಸಬಹುದು.

ಆದರೆ ಕೋಟಿಗೊಂದು ಕಣವನ್ನು ಹಿಡಿಯುವುದು ಸುಲಭವೆ? 1960ರಲ್ಲಿ ಲೇಸರ್ ಬಂದು ಪ್ರಖರವಾದ ಬೆಳಕನ್ನು ಒದಗಿಸಿತು. ಇನ್ನೊಂದು ಉಪಾಯಕ್ಕೆ ಅಮೆರಿಕದ ಮಾರ್ವಿನ್ ಮಿನ್ಸ್ಕಿ 1957ರಲ್ಲಿಯೇ ಪೇಟೆಂಟ್ ಕೋರಿದ್ದರು. ಮಸೂರದಿಂದ ಬರುವ ಬೆಳಕಿಗೆ ಸೂಜಿಮೊನೆಯಂಥ ರಂಧ್ರವೊಂದನ್ನು ಅಡ್ಡವಿಟ್ಟರೆ, ನೋಡಬೇಕಾದ ಬಿಂದುವಿನ ಬೆಳಕು ಮಾತ್ರ ಒಳಬರುತ್ತದೆ. ಮೇಲಿನ ಕೆಳಗಿನ ಪದರಗಳ ಬೆಳಕು ಹೊರಗುಳಿಯುತ್ತದೆ. ಇದೇ ‘ಕನ್‌ಫೋಕಲ್’ ಕ್ರಮ. ಹೀಗೆ ವಸ್ತುವನ್ನು ಕೊಯ್ಯದೆಯೇ ಒಳಪದರವನ್ನು ನೋಡಬಹುದು. 1990ರಲ್ಲಿ ಹಾಲೆಂಡಿನ ವಿಜ್ಞಾನಿಗಳು ಈ ಎರಡನ್ನೂ ಕೂಡಿಸಿ, ಒಂದೇ ಒಂದು ಜೀವಂತ ಕೋಶದ ರಾಮನ್ ಗುರುತನ್ನು ಪಡೆದರು.

ಉಳಿದ ತೊಡಕು ಕಾಲದ್ದು. ಉದ್ದಕ್ಕೆ ನೂರು, ಅಡ್ಡಕ್ಕೆ ನೂರು ಬಿಂದುಗಳ ಚಿತ್ರಕ್ಕೆ ಹತ್ತು ಸಾವಿರ ಅಳತೆಗಳು ಬೇಕು. ಬಿಂದುವಿಗೆ ಒಂದೇ ಸೆಕೆಂಡ್ ಹಿಡಿದರೂ ಎರಡೂಮುಕ್ಕಾಲು ಗಂಟೆ! ಬೆಳಕನ್ನು ಹೆಚ್ಚಿಸಿದರೆ ಜೀವಕೋಶ ಸುಟ್ಟೀತು.

2008ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸನ್ನಿ ಷೀ ಮತ್ತು ಸಂಗಡಿಗರು ಇದಕ್ಕೆ ಪರಿಹಾರವೊಂದನ್ನು ತೋರಿಸಿದರು. ಎರಡು ಲೇಸರ್ ಕಿರಣಗಳ ಅಂತರವನ್ನು ಅಣುವಿನ ಕಂಪನಕ್ಕೆ ಸರಿಹೊಂದಿಸಿದರೆ ಕ್ಷೀಣವಾದ ರಾಮನ್ ಸಂಕೇತ ಬಲಗೊಳ್ಳುತ್ತದೆ. ಕಿರಣಗಳು ಒತ್ತಾಗಿ ಕೂಡಿದ ಬಿಂದುವಿನಲ್ಲಿಯೇ ಈ ಕ್ರಿಯೆ ನಡೆಯುವುದರಿಂದ ರಂಧ್ರವೂ ಬೇಕಿಲ್ಲ. ವಸ್ತುವಿನ ಪೂರ್ಣ ಗುರುತು ಇಲ್ಲಿ ದೊರೆಯದು. ಆದರೆ ಕೊಬ್ಬು, ಪ್ರೋಟೀನುಗಳ ಹಂಚಿಕೆ ತಿಳಿದರೆ ಶಸ್ತ್ರವೈದ್ಯರಿಗೆ ಬಹುಮಟ್ಟಿಗೆ ಸಾಕು.

2020ರಲ್ಲಿ ಅಮೆರಿಕದಲ್ಲಿ 278 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಇಂಥ ಚಿತ್ರಗಳನ್ನು ಓದಿದ ಗಣಕಯಂತ್ರವು ಎರಡೂವರೆ ನಿಮಿಷದೊಳಗೆ ಗಡ್ಡೆಯ ಬಗೆಯನ್ನು ತಿಳಿಸಿತು. ಅದರ ಉತ್ತರ ಸರಿಯಾದದ್ದು ಶೇಕಡಾ 94.6; ಎಂದಿನ ವಿಧಾನದಲ್ಲಿ ತಜ್ಞರದು 93.9.

ರಾಮನ್‌ರು 1970ರಲ್ಲಿ ಬೆಂಗಳೂರಿನಲ್ಲಿ ಕಣ್ಮುಚ್ಚಿದರು. ಅವರು ಅರಸಿ ಹಿಡಿದ ಆ ಕ್ಷೀಣ ಕಿರಣವು ಇಂದು ಶಸ್ತ್ರಚಿಕಿತ್ಸೆಯ ಮೇಜಿನ ಬಳಿಗೇ ಬಂದು ನಿಂತಿದೆ.