ಸೂರ್ಯಾಸ್ತಕ್ಕೆ ಮುಂಚೆ: ಕ್ರೈಸ್ತ ನಾಯಕತ್ವ ಮತ್ತು ದುಡಿಯುವವರ ಘನತೆ

ಕ್ರೈಸ್ತ ನಾಯಕನ ಆತ್ಮಿಕ ಬೆಳವಣಿಗೆಯನ್ನು ಆತನ ಪ್ರಾರ್ಥನಾಜೀವನ, ವೇದಜ್ಞಾನ, ಪ್ರಸಂಗಶಕ್ತಿ ಮತ್ತು ಆಡಳಿತ ಸಾಮರ್ಥ್ಯಗಳಿಂದ ಅಳೆಯುವುದು ನಮ್ಮಲ್ಲಿ ವಾಡಿಕೆ. ಇವೆಲ್ಲವೂ ಅಗತ್ಯವೇ. ಆದರೆ ಪವಿತ್ರಶಾಸ್ತ್ರವು ಇವುಗಳ ಜೊತೆಗೆ ಮತ್ತೊಂದು ಅಳತೆಗೋಲನ್ನು ನಮ್ಮ ಕೈಯಲ್ಲಿಡುತ್ತದೆ. ಒಬ್ಬನ ಕೈಕೆಳಗೆ ದುಡಿಯುವವರಿಗೆ ಕೂಲಿ ಯಾವಾಗ ದೊರೆಯುತ್ತದೆ, ಎಷ್ಟು ದೊರೆಯುತ್ತದೆ, ಯಾವ ಮಾತಿನೊಡನೆ ದೊರೆಯುತ್ತದೆ ಎಂಬುದೇ ಆ ಅಳತೆ. ವಡಗೇರಾ ಸೀಮೆಯ ದುಡಿಮೆಯ ಬದುಕನ್ನು ಕಣ್ಣಮುಂದಿಟ್ಟುಕೊಂಡು ಈ ಅಳತೆಗೋಲನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಎರಡು ನದಿಗಳ ನಡುವಣ ದುಡಿಮೆ

ಮೊದಲು ಶಹಾಪುರ ತಾಲ್ಲೂಕಿಗೆ ಸೇರಿದ್ದು, ಈಗ ಪ್ರತ್ಯೇಕ ತಾಲ್ಲೂಕಾಗಿರುವ ವಡಗೇರಾ, ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಸೀಮೆ. 2009ರ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರ್ಪಟ್ಟು ರೂಪುಗೊಂಡ ಯಾದಗಿರಿ ಜಿಲ್ಲೆಯ ಈ ಭಾಗದಲ್ಲಿ ಕಾಲುವೆಯ ನೀರು ಮುಟ್ಟಿದ ಕಡೆ ಭತ್ತ ಬೆಳೆಯುತ್ತದೆ. ಮುಟ್ಟದ ಕಡೆ ಹತ್ತಿ, ತೊಗರಿ, ಜೋಳಗಳು ಮಳೆಯನ್ನು ನೆಚ್ಚಿಕೊಂಡಿವೆ. ನದಿಗಳು ಹತ್ತಿರದಲ್ಲಿ ಹರಿದರೂ ಭೂಮಿಯಿಲ್ಲದವನಿಗೆ ಅವುಗಳಿಂದ ನೇರ ಲಾಭವಿಲ್ಲ. ನೀರು ಹೊಲಕ್ಕೆ ಹೋಗುತ್ತದೆ. ಹೊಲವಿಲ್ಲದವನು ಕೂಲಿಗೆ ಹೋಗುತ್ತಾನೆ. ಸುಗ್ಗಿ ಮುಗಿದು ಕೂಲಿಯೂ ಇಲ್ಲವಾದಾಗ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳ ಕಡೆಗೆ ಹೊರಡುತ್ತವೆ. ಈ ಭಾಗದ ಜನ ಇದನ್ನು ‘ಗುಳೆ’ ಎನ್ನುತ್ತಾರೆ. ಮನೆಯಲ್ಲಿ ವೃದ್ಧರು ಉಳಿಯುತ್ತಾರೆ. ಮಕ್ಕಳ ಶಾಲೆ ನಡುವೆ ತುಂಡಾಗುತ್ತದೆ.

ಗುಳೆಯ ಹಿಂದೆ ಅನೇಕ ಸಲ ಮುಂಗಡದ ಹಣವಿರುತ್ತದೆ. ಕೆಲಸವಿಲ್ಲದ ತಿಂಗಳುಗಳಲ್ಲಿ ಮೇಸ್ತ್ರಿಯಿಂದ ಪಡೆದ ಹಣ ಮದುವೆಗೋ ಔಷಧಿಗೋ ವೆಚ್ಚವಾಗಿರುತ್ತದೆ. ಆಮೇಲಿನ ದುಡಿಮೆ ಆ ಲೆಕ್ಕಕ್ಕೆ ಜಮೆಯಾಗುತ್ತದೆ. ಲೆಕ್ಕವನ್ನು ಬರೆಯುವವನು ಮೇಸ್ತ್ರಿ. ಓದಬಲ್ಲವನೂ ಬಹುಶಃ ಅವನೊಬ್ಬನೇ. ಸಾಲದ ಹೆಸರಿನಲ್ಲಿ ಮನುಷ್ಯನನ್ನು ದುಡಿಮೆಗೆ ಕಟ್ಟಿಹಾಕುವ ಪದ್ಧತಿಯನ್ನು 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆ ರದ್ದುಪಡಿಸಿತು. ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ. ವಲಸೆ ಕಾರ್ಮಿಕರಿಗಾಗಿ 1979ರಲ್ಲಿ ಬಂದ ಕಾಯ್ದೆಯಾದರೋ ರಾಜ್ಯದ ಗಡಿ ದಾಟಿದವರನ್ನು ಮಾತ್ರ ಗಮನದಲ್ಲಿರಿಸಿಕೊಂಡಿತ್ತು. ಮುಂಬಯಿಗೆ ಹೋದವನು ಅದರ ವ್ಯಾಪ್ತಿಯೊಳಗೆ ಬಂದರೆ, ಅದೇ ಊರಿನಿಂದ ಬೆಂಗಳೂರಿಗೆ ಹೋದವನು ಹೊರಗೇ ಉಳಿದನು.

ಈ ಸಂಗತಿ ಸಭೆಗೆ ಹೊರಗಿನದಲ್ಲ. ಬೀದರ್, ಕಲಬುರಗಿ, ಯಾದಗಿರಿ ಭಾಗದ ಮೆಥೋಡಿಸ್ಟ್ ಸಭೆಗಳ ಬಹಳಷ್ಟು ಕುಟುಂಬಗಳು ಭೂಮಿಯಿಲ್ಲದ ದಲಿತ ಕೂಲಿಕಾರರ ಮನೆಗಳಿಂದ ಬಂದವು. ಆದುದರಿಂದ ಕೂಲಿಯ ನ್ಯಾಯವನ್ನು ಕುರಿತು ಮಾತನಾಡುವಾಗ ಸಭೆಯು ತನ್ನದೇ ಕುಟುಂಬದ ಕಥೆಯನ್ನು ಮಾತನಾಡುತ್ತದೆ.

2. ಧರ್ಮಶಾಸ್ತ್ರದ ಗಡುವು

ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು (14-15) ಬಡ ಕೂಲಿಯವನ ವಿಷಯದಲ್ಲಿ ಒಂದು ಖಚಿತವಾದ ಗಡುವನ್ನು ವಿಧಿಸುತ್ತದೆ. ಅವನು ಸ್ವಜನನಾಗಿರಲಿ, ಪರದೇಶಸ್ಥನಾಗಿರಲಿ, ದುಡಿದ ದಿನದ ಕೂಲಿ ಆ ದಿನವೇ, ಸೂರ್ಯನು ಮುಳುಗುವ ಮೊದಲೇ ಅವನ ಕೈಸೇರಬೇಕು. ಇದಕ್ಕೆ ಕೊಡಲಾದ ಕಾರಣ ಗಮನಾರ್ಹ. ಮೂಲ ಹೀಬ್ರೂ ಭಾಷೆಯ ನುಡಿಗಟ್ಟಿನಲ್ಲಿ, ಅವನು ತನ್ನ ‘ನೆಫೆಶ್’ ಅನ್ನು ಆ ಕೂಲಿಯ ಕಡೆಗೆ ಎತ್ತಿರುತ್ತಾನೆ. ಈ ಪದಕ್ಕೆ ಪ್ರಾಣ, ಆತ್ಮ ಎಂಬ ಅರ್ಥಗಳೊಂದಿಗೆ ಗಂಟಲು ಎಂಬ ಅರ್ಥವೂ ಉಂಟು. ಅಂದರೆ ಕೂಲಿಯು ಧಣಿಯ ಲೆಕ್ಕಪುಸ್ತಕದ ಒಂದು ಬಾಬತ್ತಲ್ಲ. ಅದು ದುಡಿದವನ ಜೀವ, ಅವನ ಹಸಿದ ಗಂಟಲು. ಅದನ್ನು ತಡೆದಿಡುವುದು ಜೀವವನ್ನು ತಡೆದಿಟ್ಟಂತೆ.

ಯಾಜಕಕಾಂಡ (19:13) ಕೂಲಿಯನ್ನು ಮರುದಿನದ ಬೆಳಗಿನ ತನಕ ಇಟ್ಟುಕೊಳ್ಳುವುದನ್ನು ಸುಲಿಗೆಯ ಸಾಲಿನಲ್ಲೇ ನಿಲ್ಲಿಸುತ್ತದೆ. ಕೆಲಸ ಮಾಡಿಸಿಕೊಂಡು ಕೂಲಿ ಕೊಡದೆ ಅರಮನೆ ಕಟ್ಟಿಸಿದ ಅರಸನನ್ನು ಯೆರೆಮೀಯನು ಖಂಡಿಸುತ್ತಾನೆ (22:13). ಯಾಕೋಬನ ಪತ್ರಿಕೆಯಲ್ಲಿ (5:4) ಈ ಪರಂಪರೆ ತನ್ನ ತೀಕ್ಷ್ಣತೆಯ ತುದಿಯನ್ನು ಮುಟ್ಟುತ್ತದೆ. ಅಲ್ಲಿ ಕೊಯ್ಲುಗಾರರು ಕೂಗುವುದಕ್ಕೆ ಮುಂಚೆಯೇ ತಡೆಹಿಡಿಯಲ್ಪಟ್ಟ ಕೂಲಿಯೇ ಕೂಗುತ್ತದೆ. ಬಡವನು ಅಂಜಿಕೆಯಿಂದ ಮೌನವಾಗಿರಬಹುದು. ಅವನ ಹಣ ಮೌನವಾಗಿರುವುದಿಲ್ಲ.

ನಮ್ಮ ದೇಶದ 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಹದಿನೈದು ದಿನಗಳೊಳಗೆ ಕೂಲಿ ಪಾವತಿಯಾಗಬೇಕೆಂದು ವಿಧಿಸಿತು. ಧರ್ಮಶಾಸ್ತ್ರದ ಗಡುವು ಅದಕ್ಕಿಂತಲೂ ಕಠಿಣ. ಇಂದಿನ ಲೆಕ್ಕವ್ಯವಸ್ಥೆಯಲ್ಲಿ ದಿನಗೂಲಿಯು ವಾರದ ಇಲ್ಲವೇ ತಿಂಗಳ ಸಂಬಳವಾಗಿ ಮಾರ್ಪಟ್ಟಿರಬಹುದು. ಆದರೆ ತತ್ತ್ವ ಮಾರ್ಪಟ್ಟಿಲ್ಲ: ಯಜಮಾನನ ಅನುಕೂಲವಲ್ಲ, ದುಡಿದವನ ಅಗತ್ಯವೇ ಪಾವತಿಯ ದಿನವನ್ನು ನಿರ್ಣಯಿಸಬೇಕು.

3. ಬೋವಜನ ಹೊಲ

ಕೂಲಿಯನ್ನು ಸರಿಯಾಗಿ ಕೊಟ್ಟರೆ ಕರ್ತವ್ಯ ಮುಗಿಯಿತೇ? ರೂತಳ ಪುಸ್ತಕದ ಎರಡನೆಯ ಅಧ್ಯಾಯ ಇಲ್ಲವೆನ್ನುತ್ತದೆ. ಬೋವಜನು ಹೊಲಕ್ಕೆ ಬಂದಾಗ ಮೊದಲು ಮಾಡುವುದು ಕೊಯ್ಲುಗಾರರಿಗೆ ದೇವರ ಹೆಸರಿನಲ್ಲಿ ವಂದನೆ. ಅವರೂ ಅದೇ ಹೆಸರಿನಲ್ಲಿ ಪ್ರತಿವಂದನೆ ಮಾಡುತ್ತಾರೆ. ಒಡೆಯನೂ ಆಳೂ ಪರಸ್ಪರ ಆಶೀರ್ವದಿಸಬಲ್ಲವರು ಎಂಬುದೇ ಆ ಹೊಲದ ಮೊದಲ ನಿಯಮ. ಎರಡನೆಯದು ಸುರಕ್ಷತೆ: ಪರದೇಶದ ವಿಧವೆಯಾದ ರೂತಳನ್ನು ಯಾರೂ ಮುಟ್ಟಬಾರದೆಂದು ಆತನು ಆಳುಗಳಿಗೆ ಆಜ್ಞಾಪಿಸುತ್ತಾನೆ. ಮೂರನೆಯದು ನೀರು ಮತ್ತು ಅನ್ನ: ಆಕೆ ಆಳುಗಳು ತುಂಬಿಟ್ಟ ಪಾತ್ರೆಯಿಂದಲೇ ಕುಡಿಯಬಹುದು, ಕೊಯ್ಲುಗಾರರ ಪಕ್ಕದಲ್ಲೇ ಕುಳಿತು ಉಣ್ಣಬಹುದು. ನಾಲ್ಕನೆಯದು ಸೂಕ್ಷ್ಮತೆ: ಆಳುಗಳು ಬೇಕೆಂದೇ ತೆನೆಗಳನ್ನು ಬಿಡಬೇಕು, ಆದರೆ ಆಕೆಯನ್ನು ಗದರಿಸಬಾರದು, ನಾಚಿಕೆಪಡಿಸಬಾರದು.

ಕಲ್ಯಾಣ ಕರ್ನಾಟಕದ ಓದುಗನಿಗೆ ಇಲ್ಲಿನ ನೀರಿನ ಪಾತ್ರೆಯ ಅರ್ಥ ವಿವರಿಸಬೇಕಾಗಿಲ್ಲ. ಬೇರೆ ಲೋಟ, ಬೇರೆ ತಟ್ಟೆ, ಮೇಲಿನಿಂದ ಸುರಿಯುವ ನೀರು ಇವುಗಳನ್ನು ಕಂಡ ನಾಡಿನಲ್ಲಿ ಒಂದೇ ಪಾತ್ರೆಯ ಮಾತು ಸಣ್ಣದಲ್ಲ. ಹತ್ತಿ ಬಿಡಿಸುವ, ಕಳೆ ಕೀಳುವ, ಭತ್ತದ ಸಸಿ ನೆಡುವ ಕೆಲಸಗಳ ಬಹುಪಾಲು ಹೆಣ್ಣುಮಕ್ಕಳದು. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ಆದರೂ ಹೊಲದ ಬದುವಿನಲ್ಲಿ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ ಎಂಬುದು ಇನ್ನೂ ಸಹಜವೆಂಬಂತೆ ನಡೆಯುತ್ತಿದೆ. ವಿಶ್ವಾಸಿಯಾದ ಹೊಲದೊಡೆಯನೂ ಊರಿನ ದರವನ್ನೇ ಕೊಟ್ಟೆನೆಂದು ಸಮಾಧಾನಪಟ್ಟುಕೊಂಡರೆ, ಅವನು ಬೋವಜನ ಹೊಲವನ್ನು ಇನ್ನೂ ಪ್ರವೇಶಿಸಿಲ್ಲ.

ದುಡಿಮೆಯ ಗೌರವ ಈ ನೆಲಕ್ಕೆ ಹೊಸದೇನೂ ಅಲ್ಲ. ಸುರಪುರ ತಾಲ್ಲೂಕಿನ ಮುದನೂರು ನೇಕಾರನಾಗಿದ್ದ ಜೇಡರ ದಾಸಿಮಯ್ಯನ ಊರೆಂದು ಪ್ರಸಿದ್ಧ. ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಸ್ಥಾನವನ್ನು ಈ ಸೀಮೆಯ ಜನರು ಮರೆತಿಲ್ಲ. ಬಡಗಿಯ ಮನೆಯಲ್ಲಿ ಬೆಳೆದ ಕರ್ತನನ್ನು ಇಲ್ಲಿ ಸಾರುವ ಸಭೆಯು ಈ ನೆನಪನ್ನು ಗೌರವದಿಂದ ಕಾಣಬೇಕು.

4. ಯಾರೂ ಕರೆಯದವರು

ದ್ರಾಕ್ಷೆತೋಟದ ಸಾಮ್ಯವು (ಮತ್ತಾ. 20:1-16) ಮುಖ್ಯವಾಗಿ ದೇವರ ಕೃಪೆಯನ್ನು ಕುರಿತದ್ದು, ಅದನ್ನು ವೇತನದ ಕೈಪಿಡಿಯಾಗಿ ಓದುವುದು ಸರಿಯಲ್ಲ. ಆದರೂ ಅದರ ಹಿನ್ನೆಲೆ ನಮಗೆ ಪರಿಚಿತ. ಬೆಳಿಗ್ಗೆ ಪೇಟೆಯ ವೃತ್ತಗಳಲ್ಲಿ ಬುತ್ತಿಯ ಗಂಟು ಹಿಡಿದು ನಿಂತವರಲ್ಲಿ ಬಲಿಷ್ಠರು ಮೊದಲು ಆಯ್ಕೆಯಾಗುತ್ತಾರೆ. ವಯಸ್ಸಾದವರು, ಬಲಹೀನರು ಹೊತ್ತೇರುವ ತನಕ ನಿಂತೇ ಇರುತ್ತಾರೆ. ಸಾಮ್ಯದ ಕೊನೆಯ ತಾಸಿನ ಆಳುಗಳು ಸೋಮಾರಿಗಳಾಗಿದ್ದರೆಂದು ಯೇಸು ಹೇಳುವುದಿಲ್ಲ. ಯಾರೂ ತಮ್ಮನ್ನು ಕರೆಯಲಿಲ್ಲವೆಂಬುದೇ ಅವರ ಉತ್ತರ. ಅವರಿಗೆ ದೊರೆತ ದಿನಾರಿಯು ಆ ಕಾಲದ ಸಾಮಾನ್ಯ ದಿನಗೂಲಿ, ಅಂದರೆ ಒಂದು ಮನೆಯ ಆ ದಿನದ ರೊಟ್ಟಿ. ಕೃಪೆಯನ್ನು ಚಿತ್ರಿಸಲು ಯೇಸು ಆರಿಸಿಕೊಂಡ ಚಿತ್ರ ಇದು. ಈ ಕೃಪೆಯಿಂದ ಬದುಕುವವನು ತನ್ನ ಆಳಿನೊಡನೆ ಕಾಸಿಗೆ ಕಾಸು ಚೌಕಾಸಿ ಮಾಡುವುದು ಸುವಾರ್ತೆಯನ್ನು ಬಾಯಲ್ಲಿ ಒಪ್ಪಿ ಕೈಯಲ್ಲಿ ನಿರಾಕರಿಸಿದಂತೆ.

5. ನಾಯಕನು ಬೆಳೆಯುವ ದಿಕ್ಕು

ಯಾಜಕಕಾಂಡದ 25ನೆಯ ಅಧ್ಯಾಯವು ಆಳುಗಳನ್ನು ಕ್ರೂರವಾಗಿ ಆಳಬಾರದೆಂದು ಹೇಳುವಾಗ (25:43) ಬಳಸುವ ‘ಪೆರೆಖ್’ ಎಂಬ ಹೀಬ್ರೂ ಪದವು ವಿಮೋಚನಕಾಂಡದ ಮೊದಲನೆಯ ಅಧ್ಯಾಯದಲ್ಲಿ (13-14) ಐಗುಪ್ತರ ದಬ್ಬಾಳಿಕೆಯನ್ನು ವರ್ಣಿಸುವ ಪದವೇ ಆಗಿದೆ. ಬಿಡುಗಡೆ ಹೊಂದಿದ ಜನರೂ ತಮ್ಮ ಕೈಗೆ ಅಧಿಕಾರ ಬಂದೊಡನೆ ಫರೋಹರಾಗಬಲ್ಲರು ಎಂಬ ಎಚ್ಚರಿಕೆ ಇದರಲ್ಲಿದೆ. ಬಡತನದಿಂದ ಮೇಲೆದ್ದು ಶಿಕ್ಷಕ, ಗುತ್ತಿಗೆದಾರ, ಸಭಾಪಾಲಕ, ಸಂಸ್ಥೆಯ ಮುಖ್ಯಸ್ಥ ಮುಂತಾದ ಸ್ಥಾನಗಳಿಗೆ ಬಂದ ನಮಗೆ ಈ ಎಚ್ಚರಿಕೆ ನೇರವಾಗಿ ತಾಕುತ್ತದೆ.

ಅನ್ಯಜನರ ಅಧಿಪತಿಗಳು ದೊರೆತನ ನಡೆಸುವ ಬಗೆಯನ್ನು ಯೇಸು ತನ್ನ ಶಿಷ್ಯರಿಗೆ ನಿಷೇಧಿಸಿದನು (ಮಾರ್ಕ 10:42-45), ಪಸ್ಕದ ಮುಂಚಿನ ರಾತ್ರಿ ಆಳಿನ ಕೆಲಸವನ್ನೇ ಮಾಡಿದನು (ಯೋಹಾ. 13). ಕಾಲು ತೊಳೆಯುವ ಆಚರಣೆಯನ್ನು ವರ್ಷಕ್ಕೊಮ್ಮೆ ನಡೆಸಿ, ಉಳಿದ ದಿನಗಳಲ್ಲಿ ಸಭಾಮಂದಿರದ ಕಸಗುಡಿಸುವವಳನ್ನು ಏಕವಚನದಲ್ಲಿ ಕೂಗಿ ಕರೆಯುವ ನಾಯಕನಲ್ಲಿ ಬೆಳವಣಿಗೆ ನಿಂತಿದೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯು (4:1) ಯಜಮಾನರಿಂದ ನ್ಯಾಯದ ಜೊತೆಗೆ ‘ಇಸೊತೆಸ್’ ಅನ್ನೂ ಕೇಳುತ್ತದೆ. ಗ್ರೀಕ್ ಭಾಷೆಯ ಈ ಪದಕ್ಕೆ ಸಮತೆ ಎಂದರ್ಥ, ಸಭೆಗಳ ನಡುವಣ ಹಂಚಿಕೆಯನ್ನು ಕುರಿತು ಪೌಲನು ಇದೇ ಪದವನ್ನು ಬಳಸಿದ್ದಾನೆ (2 ಕೊರಿಂ. 8:13-14). ಕಾರಣವೂ ಸ್ಪಷ್ಟ: ಯಜಮಾನನಿಗೂ ಪರಲೋಕದಲ್ಲಿ ಒಬ್ಬ ಯಜಮಾನನಿದ್ದಾನೆ. ಮೆಥೋಡಿಸ್ಟ್ ಚಳವಳಿಯ ಸ್ಥಾಪಕ ಜಾನ್ ವೆಸ್ಲಿಯು 1774ರಲ್ಲಿ ಗುಲಾಮಗಿರಿಯ ವಿರುದ್ಧ ಗ್ರಂಥ ಬರೆದನು. 1791ರಲ್ಲಿ ಮರಣಕ್ಕೆ ಕೆಲವೇ ದಿನಗಳ ಮುಂಚೆ ಅದೇ ವಿಷಯವಾಗಿ ವಿಲ್ಬರ್‌ಫೋರ್ಸನಿಗೆ ಪತ್ರ ಬರೆದನು. ಪರಿಶುದ್ಧತೆಯ ಬೋಧಕನಿಗೆ ದುಡಿಮೆಗಾರರ ಬಿಡುಗಡೆ ಬೇರೊಂದು ವಿಷಯವಾಗಿರಲಿಲ್ಲ.

6. ಕರಾವಳಿಯ ಒಂದು ಪಾಠ

ಕರ್ನಾಟಕದ ಸಭೆಯೇ ಯಜಮಾನನ ಸ್ಥಾನದಲ್ಲಿ ನಿಂತ ಪ್ರಸಿದ್ಧ ಉದಾಹರಣೆ ಬಾಸೆಲ್ ಮಿಶನ್ನಿನದು. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನ್, ಕ್ರಿಸ್ತನನ್ನು ಅಂಗೀಕರಿಸಿ ಜಾತಿಯನ್ನೂ ಜೀವನೋಪಾಯವನ್ನೂ ಕಳೆದುಕೊಂಡವರಿಗಾಗಿ ಮುದ್ರಣಾಲಯ, ನೇಯ್ಗೆ, ಹೆಂಚಿನ ಉದ್ದಿಮೆಗಳನ್ನು ಆರಂಭಿಸಿತು. ಗಿಯೋರ್ಗ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಹೆಂಚಿನ ಕಾರ್ಖಾನೆಯ ಹೆಸರು ಇಂದಿಗೂ ಹಳೆಯ ಮನೆಗಳ ಮಾಡುಗಳ ಮೇಲಿದೆ. ಕೈಕೆಲಸಕ್ಕೆ ಗೌರವ, ನಿಯತವಾದ ಸಂಬಳ, ಭಾನುವಾರದ ವಿಶ್ರಾಂತಿ ಇವು ಅಲ್ಲಿನ ಕೊಡುಗೆ. ಆದರೆ ಸುವಾರ್ತೆ ಸಾರುವ ಮನೆಯೇ ಅನ್ನ ಕೊಡುವ ಮನೆಯೂ ಆದಾಗ, ಶಿಷ್ಯನಿಗೆ ತನ್ನ ಯಜಮಾನನನ್ನು ಪ್ರಶ್ನಿಸುವುದು ಕಷ್ಟ. ಸಭೆಯು ಉದ್ಯೋಗ ಕೊಡುವಾಗ ದುಡಿಯುವವನ ದೂರನ್ನು ಕೇಳಲು ಯಜಮಾನನಿಗಿಂತ ಬೇರೆಯಾದ ಕಿವಿಯೊಂದು ಇರಲೇಬೇಕು.

7. ಸಭೆಯ ಮುಂದಿರುವ ಕರ್ತವ್ಯ

ಹೊಲದೊಡೆಯರಿಗೂ ಮೇಸ್ತ್ರಿಗಳಿಗೂ ಬೋಧಿಸುವ ಮೊದಲು ಸಭೆಯು ತನ್ನ ಲೆಕ್ಕಪುಸ್ತಕವನ್ನು ತೆರೆಯಬೇಕು. ವಸತಿನಿಲಯದ ಅಡುಗೆಯವಳು, ಸಭಾಮಂದಿರದ ಕಾವಲುಗಾರ, ಶಾಲೆಯ ಆಯಾ, ಗ್ರಾಮದ ಬೋಧಕ: ಇವರ ಸಂಬಳ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆಯಿದೆಯೇ? ಕಾಣಿಕೆ ಕಡಿಮೆಯಾದ ತಿಂಗಳಿನಲ್ಲಿ ಮೊದಲು ನಿಲ್ಲುವುದು ಯಾರ ಸಂಬಳ? ಕೊರತೆಯನ್ನು ‘ಸೇವೆ’ ಎಂಬ ಪವಿತ್ರ ಪದದಿಂದ ಮುಚ್ಚುವುದು ಸಲ್ಲದು. ಆಳು ತನ್ನ ಕೂಲಿಗೆ ಯೋಗ್ಯನೆಂಬ ಮಾತನ್ನು (ಲೂಕ 10:7) ಕರ್ತನು ಸುವಾರ್ತಾಸೇವೆಯ ಸಂದರ್ಭದಲ್ಲೇ ಆಡಿದನು.

ಎರಡನೆಯದಾಗಿ, ಗುಳೆ ಹೋಗುವ ಕುಟುಂಬಗಳ ಹಾಜರಿ ಸಭೆಯ ಬಳಿ ಇರಬೇಕು. ಯಾರು, ಎಲ್ಲಿಗೆ, ಯಾರ ಮೂಲಕ, ಎಷ್ಟು ಮುಂಗಡಕ್ಕೆ ಹೋದರು ಎಂಬುದನ್ನು ಅವರ ಒಪ್ಪಿಗೆಯಿಂದ ಬರೆದಿಟ್ಟುಕೊಂಡರೆ ಸಂಕಟದ ದಿನ ಅದೇ ಆಧಾರ. 2020ರ ಮಾರ್ಚಿನಲ್ಲಿ ದೇಶವೇ ಸ್ತಬ್ಧವಾದಾಗ ದುಡಿದ ಹಣ ಕೈಸೇರದೆ ನಗರಗಳಲ್ಲಿ ಸಿಕ್ಕಿಕೊಂಡವರನ್ನು ನಾವೆಲ್ಲ ಕಂಡೆವು. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದೆಂಬುದನ್ನು ತಿಳಿಸಿ, ಅರ್ಜಿ ತುಂಬಿಕೊಡುವುದು ಸಭಾಪಾಲನೆಯ ಭಾಗವೇ. ಬೆಂಗಳೂರಿನ ಸಭೆಗಳು ತಮ್ಮ ಪಕ್ಕದ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿರುವ ಯಾದಗಿರಿಯ ವಿಶ್ವಾಸಿಯನ್ನು ಸಹೋದರನೆಂದು ಗುರುತಿಸಬೇಕು.

ಮೂರನೆಯದಾಗಿ, ದೈವಜ್ಞಾನ ಕಾಲೇಜುಗಳು ಅಭ್ಯರ್ಥಿಗಳಿಗೆ ಪ್ರಸಂಗಕಲೆಯೊಂದಿಗೆ ಲೆಕ್ಕ ಬರೆಯುವುದನ್ನೂ ಕಾರ್ಮಿಕ ಕಾನೂನಿನ ಮೂಲಪಾಠಗಳನ್ನೂ ಕಲಿಸಬೇಕು. ತನ್ನ ಸಭಿಕನ ಕೂಲಿಚೀಟಿಯನ್ನು ಓದಿ ಹೇಳಬಲ್ಲ ಸಭಾಪಾಲಕನು ಅವನ ಆತ್ಮವನ್ನೂ ಕಾಯಬಲ್ಲನು. ಹೀಬ್ರೂ ಭಾಷೆಯ ಪ್ರಕಾರ ಆ ಎರಡೂ ಒಂದೇ ಪದದಲ್ಲಿ ಸೇರಿಕೊಂಡಿವೆ. ಭಾನುವಾರದ ಆರಾಧನೆಯಲ್ಲಿ ನಾವು ಯಾರ ಕೈಯಿಂದ ಕಾಣಿಕೆ ಪಡೆಯುತ್ತೇವೋ, ಶನಿವಾರದ ಸಂಜೆಯೊಳಗೆ ಅವರ ಕೂಲಿ ಅವರ ಕೈಸೇರಿತೇ ಎಂದು ಕೇಳುವುದರಿಂದ ಈ ಕೆಲಸವನ್ನು ಆರಂಭಿಸಬಹುದು.