ಶಾಲೆಯಂಗಳದ ಕಾಟ: ಬೆತ್ತಕ್ಕೆ ಬಗ್ಗದ್ದು ಗೆಳೆತನಕ್ಕೆ ಬಗ್ಗೀತೇ?

‘ಸರ್, ಅಂವ ನನಗ ಹೊಡಿಲತ್ತಾನ್ರಿ.’

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಪ್ರಾಥಮಿಕ ಶಾಲೆಗಳಲ್ಲಿ ಈ ಮಾತು ಕೇಳದ ದಿನವಿರಲಿಕ್ಕಿಲ್ಲ. ಅದಕ್ಕೆ ಸಿಗುವ ಉತ್ತರವೂ ಬಹುಮಟ್ಟಿಗೆ ಗೊತ್ತಿರುವಂಥದ್ದೇ: ‘ನೀನೂ ಏನರ ಮಾಡಿರ್ತಿ, ಹೋಗಿ ಕುಂದ್ರು.’ ಶಿಕ್ಷಕರು ಕಲ್ಲುಮನಸ್ಸಿನವರೆಂದು ಇದರ ಅರ್ಥವಲ್ಲ. ಒಬ್ಬರೇ ಎರಡು ಮೂರು ತರಗತಿಗಳನ್ನು ನೋಡಿಕೊಳ್ಳಬೇಕಾದ ಕಡೆ ಬಂದ ದೂರನ್ನೆಲ್ಲ ವಿಚಾರಿಸುತ್ತ ಕುಳಿತರೆ ಪಾಠ ಮುಂದೆ ಸಾಗುವುದಿಲ್ಲ. ಆದರೆ ಆ ಹತ್ತಾರು ದೂರುಗಳ ನಡುವೆ ಒಂದೆರಡು ಬೇರೆಯೇ ಬಗೆಯವು ಇರುತ್ತವೆ. ಅವನ್ನು ಗುರುತಿಸದೆ ಹೋದರೆ ಒಂದು ಮಗು ಸದ್ದಿಲ್ಲದೆ ಶಾಲೆಯಿಂದ ದೂರವಾಗಬಹುದು.

ಜಗಳ ಬೇರೆ, ಕಾಟ ಬೇರೆ

ಮಕ್ಕಳು ಜಗಳವಾಡುತ್ತಾರೆ, ಮರುಗಳಿಗೆ ಕೂಡಿ ಆಡುತ್ತಾರೆ. ಅದು ಸಹಜ. ಕಾಟ ಹಾಗಲ್ಲ. ಈ ವ್ಯತ್ಯಾಸವನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದವರಲ್ಲಿ ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಪ್ರಮುಖರು. ಅವರ ಪ್ರಕಾರ ಕಾಟಕ್ಕೆ ಮೂರು ಲಕ್ಷಣಗಳಿವೆ. ಅದು ಬೇಕೆಂದೇ ಮಾಡಿದ್ದಾಗಿರುತ್ತದೆ. ಮತ್ತೆ ಮತ್ತೆ ನಡೆಯುತ್ತದೆ. ಕಾಡುವವನ ಮುಂದೆ ಕಾಡಿಸಿಕೊಳ್ಳುವವನು ಬಲದಲ್ಲೋ ಸಂಖ್ಯೆಯಲ್ಲೋ ಕಡಿಮೆಯಿರುತ್ತಾನೆ. ಹೊಡೆಯುವುದಷ್ಟೇ ಕಾಟವಲ್ಲ. ಅಡ್ಡಹೆಸರಿಟ್ಟು ಕರೆಯುವುದು, ಮಾತನ್ನು ಅಣಕಿಸುವುದು, ಆಟಕ್ಕೆ ಸೇರಿಸಿಕೊಳ್ಳದಿರುವುದು, ಪಾಟಿಚೀಲ ಬಚ್ಚಿಡುವುದು ಎಲ್ಲವೂ ಕಾಟವೇ.

1982ರ ಕೊನೆಯಲ್ಲಿ ಉತ್ತರ ನಾರ್ವೆಯ ಮೂವರು ಬಾಲಕರು ಸಹಪಾಠಿಗಳ ಕಾಟ ತಾಳದೆ ಜೀವ ಕಳೆದುಕೊಂಡ ಸುದ್ದಿ ಇಡೀ ದೇಶವನ್ನು ಕಲಕಿತು. ಮರುವರ್ಷವೇ ಅಲ್ಲಿನ ಸರ್ಕಾರ ರಾಷ್ಟ್ರವ್ಯಾಪಿ ಅಭಿಯಾನ ಕೈಗೊಂಡಿತು. ಬರ್ಗೆನ್‌ನ 42 ಶಾಲೆಗಳ ಸುಮಾರು 2,500 ಮಕ್ಕಳ ನಡುವೆ ಓಲ್ವೇಯಸ್ ನಡೆಸಿದ ಪ್ರಯೋಗದಲ್ಲಿ ಎರಡು ವರ್ಷಗಳಲ್ಲಿ ಕಾಟ ಅರ್ಧದಷ್ಟು ಇಳಿಯಿತು. ಇದು ಅಲ್ಲಿನ ರೋಗ ಮಾತ್ರವಲ್ಲ. ಜಗತ್ತಿನ ಶಾಲಾ ಮಕ್ಕಳಲ್ಲಿ ಹೆಚ್ಚು ಕಡಿಮೆ ಮೂವರಲ್ಲಿ ಒಬ್ಬರು ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಇಂಥ ಕಾಟ ಅನುಭವಿಸಿದ್ದಾರೆಂದು ಯುನೆಸ್ಕೊ 2019ರ ವರದಿಯಲ್ಲಿ ಹೇಳಿತು.

ಬೆತ್ತ ಕಲಿಸಿದ ಪಾಠ

‘ದಂಡಂ ದಶಗುಣಂ’ ಎಂಬ ನಂಬಿಕೆಯಲ್ಲೇ ನಮ್ಮ ಶಾಲೆಗಳು ಬಹುಕಾಲ ನಡೆದವು. ಕೋದಂಡ ಹಾಕುವುದು, ಕೋಳಿ ಕೂರಿಸುವುದು, ಬಸ್ಕಿ ಹೊಡೆಸುವುದು ಹಳಬರ ನೆನಪಿನಲ್ಲಿ ಇನ್ನೂ ಹಸಿಯಾಗಿವೆ. ಇವೆಲ್ಲಕ್ಕಿಂತ ವಿಚಿತ್ರವಾದದ್ದು ಇನ್ನೊಂದು ಶಿಕ್ಷೆ. ಪ್ರಶ್ನೆಗೆ ಉತ್ತರ ಹೇಳಿದ ಹುಡುಗ, ಉತ್ತರ ಹೇಳದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಮೆಲ್ಲಗೆ ಹೊಡೆದರೆ ಹೊಡೆದವನಿಗೇ ಏಟು. ಒಂದು ಮಗು ಇನ್ನೊಂದು ಮಗುವನ್ನು ಎಲ್ಲರೆದುರು ಅವಮಾನಿಸುವುದನ್ನು ಶಾಲೆಯೇ ಕಲಿಸಿಕೊಟ್ಟ ಪದ್ಧತಿ ಇದು.

ಅದರ ನೆರಳು ಬೇರೆ ರೂಪದಲ್ಲಿ ಉಳಿದುಕೊಂಡಿದೆ. ಶಿಕ್ಷಕರು ಪಕ್ಕದ ಕೋಣೆಗೆ ಹೋಗುವಾಗ ‘ಲೀಡರ್’ ಕೈಗೆ ಸೀಮೆಸುಣ್ಣ ಕೊಟ್ಟು, ಮಾತಾಡಿದವರ ಹೆಸರನ್ನು ಹಲಗೆ ಮೇಲೆ ಬರೆಯುವಂತೆ ಹೇಳುತ್ತಾರೆ. ಯಾರ ಹೆಸರು ಬರೆಯಬೇಕು, ಯಾರದನ್ನು ಅಳಿಸಬೇಕು ಎಂಬ ಅಧಿಕಾರ ಒಂಬತ್ತು ವರ್ಷದ ಹುಡುಗನ ಕೈಗೆ ಬರುತ್ತದೆ. ಅದು ಹೇಗೆ ಬಳಕೆಯಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಬೆತ್ತ ಕೆಳಗಿಟ್ಟ ಶಿಕ್ಷಕರು ಮುಂದಿನ ದಾರಿ ಯಾವುದೆಂದು ಕೇಳುವುದು ನ್ಯಾಯವೇ. ಹೊಡೆಯಬೇಡಿ ಎಂದಷ್ಟು ಸುಲಭವಾಗಿ, ಹೊಡೆಯದೆ ಏನು ಮಾಡಬೇಕು ಎಂಬುದನ್ನು ಹೇಳಲಾಗದು.

ಗುರಿಯಾಗುವವರು ಯಾರು?

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಈ ಮೂರೂ ಇದ್ದವು. ಮನೆಯಲ್ಲಿ ಮೊದಲ ಸಲ ಶಾಲೆಯ ಮೆಟ್ಟಿಲು ಹತ್ತಿದ ಮಕ್ಕಳು ಇಲ್ಲಿ ಬಹಳ. ಭಾಷೆಗಳೂ ಹಲವು. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ಆಳಂದ, ಅಫಜಲಪುರಗಳ ಗಡಿಯಲ್ಲಿ ಮರಾಠಿ, ಎಲ್ಲ ಕಡೆಯೂ ದಖ್ಖನಿ ಉರ್ದು ಕೇಳಿಸುತ್ತದೆ. ಪುಸ್ತಕದ ಕನ್ನಡ ನಾಲಿಗೆಗೆ ಹೊರಳದ ಮಗು ಓದಲು ಎದ್ದು ನಿಂತಾಗ ಹಿಂದಿನ ಸಾಲಿನಿಂದ ನಗು ಕೇಳಿ ಬಂದರೆ, ಮರುದಿನ ಅದು ಎದ್ದು ನಿಲ್ಲಲು ಹೆದರುತ್ತದೆ.

ಗುಳೆಯದು ಇನ್ನೊಂದು ಕತೆ. ಮುಂಬೈ, ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ, ಕಬ್ಬು ಕಡಿಯಲು ಹೋದ ತಂದೆ ತಾಯಿಯ ಜತೆ ಮಕ್ಕಳೂ ಹೋಗುತ್ತಾರೆ. ತಿಂಗಳುಗಟ್ಟಲೆ ಬಿಟ್ಟು ಮರಳಿದ ಮಗುವಿಗೆ ಪಾಠ ಹಿಂದೆ ಬಿದ್ದಿರುತ್ತದೆ, ಹಳೆಯ ಗೆಳೆಯರು ಬೇರೆ ಜೋಡಿ ಕಟ್ಟಿಕೊಂಡಿರುತ್ತಾರೆ. ಇಂಥ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ಪಾಠ ಕೊಡಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮು ಹೇಳುತ್ತದೆ. ಚಿಕ್ಕವರ ನಡುವೆ ‘ಕೋಣ’ ಎನಿಸಿಕೊಂಡು ಕೂರುವ ಅವಮಾನವನ್ನು ತಪ್ಪಿಸುವ ಕಲಮೂ ಇದೇ.

ಕಾಟಕ್ಕೆ ಹೆದರಿ ಮನೆಯಲ್ಲಿ ಉಳಿದ ಮಗು ಹೊಟ್ಟೆನೋವು ಎನ್ನುತ್ತದೆ. ಕೂಲಿಗೆ ಹೊರಟ ತಾಯಿ, ‘ಇರ್ಲಿ, ತಮ್ಮನ್ನ ನೋಡ್ಕೊ’ ಎನ್ನುತ್ತಾಳೆ. ತೊಗರಿ ರಾಶಿ, ಹತ್ತಿ ಬಿಡಿಸುವ ಕೆಲಸ ಬಂದಾಗ ಅದೇ ಮಗುವನ್ನು ಹೊಲಕ್ಕೆ ಕರೆದೊಯ್ಯುವುದು ಸುಲಭ. ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದು ದಾಖಲಾಗುತ್ತದೆ. ಗೈರಿಗೆ ಬಡತನ ಕಾರಣ ಎನ್ನುತ್ತೇವೆ. ಅದು ನಿಜವೇ ಆದರೂ ಹಿಂದಿನ ಸಾಲಿನ ನಗು ಆ ಲೆಕ್ಕದಲ್ಲಿ ಬರುವುದಿಲ್ಲ.

ನೋಡುತ್ತ ನಿಂತವರು

ಕಾಟವೆಂದರೆ ಕಾಡುವವನು, ಕಾಡಿಸಿಕೊಳ್ಳುವವನು ಇಬ್ಬರದೇ ವ್ಯವಹಾರವೆಂದು ತಿಳಿಯುವುದು ರೂಢಿ. ಫಿನ್‌ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಾಲಿ 1996ರಲ್ಲಿ ಬೇರೆಯದೇ ಚಿತ್ರ ಕೊಟ್ಟರು. ಸುತ್ತ ನಿಂತವರಲ್ಲಿ ಕೆಲವರು ಕೈಜೋಡಿಸುತ್ತಾರೆ, ಕೆಲವರು ನಕ್ಕು ಹುರಿದುಂಬಿಸುತ್ತಾರೆ, ಕೆಲವರು ಸುಮ್ಮನಿರುತ್ತಾರೆ, ಕೆಲವರಷ್ಟೇ ಬಿಡಿಸಲು ಬರುತ್ತಾರೆ. ಕಾಡುವವನಿಗೆ ಬೇಕಿರುವುದು ಈ ಪ್ರೇಕ್ಷಕರೇ. ಅವರು ನಗದಿದ್ದರೆ ಆಟ ಕಳೆಗುಂದುತ್ತದೆ. ಈ ತಿಳಿವಿನ ಮೇಲೆ ರೂಪುಗೊಂಡ ‘ಕಿವಾ’ ಕಾರ್ಯಕ್ರಮ 2009ರಿಂದ ಫಿನ್‌ಲೆಂಡಿನ ಶಾಲೆಗಳಲ್ಲಿ ಹರಡಿತು. ಕೆನಡಾದ ಪ್ರಾಥಮಿಕ ಶಾಲೆಗಳ ಅಂಗಳದಲ್ಲಿ ನಡೆದ, 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜತೆಗಾರ ಮಕ್ಕಳು ನಡುವೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡಿನೊಳಗೆ ಕಾಟ ನಿಂತಿದ್ದು ಕಂಡುಬಂತು. ಆದರೆ ಮಕ್ಕಳು ನಡುವೆ ಬಂದದ್ದು ಐದರಲ್ಲಿ ಒಂದು ಸಲ ಮಾತ್ರ.

ಹಾಗಾದರೆ ಶಾಲೆ ಕಲಿಸಬೇಕಾದದ್ದು ನಡುವೆ ಬರುವುದನ್ನು. ಇದಕ್ಕೆ ಬೇಕಾದ ಸಾಮಗ್ರಿ ಪರದೇಶದಿಂದ ಬರಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009–10ರಲ್ಲಿ ರಾಜ್ಯದೆಲ್ಲೆಡೆಯ ಸರ್ಕಾರಿ ಶಾಲೆಗಳಿಗೆ ಬಂದ ನಲಿ-ಕಲಿಯಲ್ಲಿ ಮಕ್ಕಳು ಗುಂಪುಗಳಲ್ಲಿ ಕೂರುತ್ತಾರೆ. ಗೆಳೆಯರ ನೆರವಿನಿಂದ ಕಲಿಯುವ ಗುಂಪೂ ಅದರಲ್ಲಿ ಉಂಟು. ಬಲ್ಲವನು ಬಾರದವನ ಮೂಗು ಹಿಡಿಯುತ್ತಿದ್ದ ಕಾಲಕ್ಕೂ, ಬಲ್ಲವನು ಬಾರದವನಿಗೆ ಕಲಿಸುವ ಈ ಪದ್ಧತಿಗೂ ಇರುವ ದೂರ ಸಣ್ಣದಲ್ಲ.

ಬಿಸಿಯೂಟವೂ ಅಂಥದೇ ಅವಕಾಶ. ಅಂದಿನ ಗುಲ್ಬರ್ಗವೂ ಸೇರಿ ಉತ್ತರದ ಏಳು ಜಿಲ್ಲೆಗಳಲ್ಲಿ 2002ರಲ್ಲಿ ಮೊದಲು ಆರಂಭವಾದ ಈ ಯೋಜನೆಗೆ ‘ಅಕ್ಷರ ದಾಸೋಹ’ ಎಂಬ ಹೆಸರು. ದಾಸೋಹ ಶರಣರ ಮಾತು. ಆಗ ಜೇವರ್ಗಿಗೆ ಸೇರಿದ್ದು ಈಗ ಯಡ್ರಾಮಿ ತಾಲ್ಲೂಕಿನಲ್ಲಿರುವ ಕಡಕೋಳದ ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದರು. ಆ ನೆಲದಲ್ಲಿ ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಯಾರೂ ಕೂರುತ್ತಿಲ್ಲ ಎಂಬುದನ್ನು ಶಿಕ್ಷಕರು ಒಂದು ವಾರ ಗಮನಿಸಿದರೆ ಸಾಕು, ಯಾವ ಮಗು ಒಂಟಿಯಾಗಿದೆ ಎಂದು ತಿಳಿಯುತ್ತದೆ.

ಶಾಲೆ ಏನು ಮಾಡಬಹುದು?

ಮೊದಲನೆಯದು, ಚಾಡಿಗೂ ದೂರಿಗೂ ಇರುವ ಅಂತರವನ್ನು ಮಕ್ಕಳಿಗೆ ತಿಳಿಸುವುದು. ಒಬ್ಬನಿಗೆ ಏಟು ಬೀಳಲೆಂದು ಹೇಳುವುದು ಚಾಡಿ. ಒಬ್ಬನಿಗೆ ಬೀಳುವ ಏಟು ತಪ್ಪಲೆಂದು ಹೇಳುವುದು ದೂರು. ಎರಡನೆಯದನ್ನು ಹೇಳಿದ ಮಗುವನ್ನು ಎಲ್ಲರೆದುರು ವಿಚಾರಿಸಬಾರದು.

ಎರಡನೆಯದು, ವರ್ಷಾರಂಭದಲ್ಲೇ ನಾಲ್ಕೈದು ನಿಯಮಗಳನ್ನು ಮಕ್ಕಳಿಂದಲೇ ಹೇಳಿಸಿ ಗೋಡೆಗೆ ಬರೆಸುವುದು. ‘ಜಗಳ ಆಡಬಾರದು’ ಎಂಬುದಕ್ಕಿಂತ ‘ಆಟಕ್ಕೆ ಎಲ್ಲರನ್ನೂ ಕರೆಯುತ್ತೇವೆ’ ಎಂಬುದು ಮಗುವಿಗೆ ಬೇಗ ಅರ್ಥವಾಗುತ್ತದೆ. ಲೀಡರ್ ಪಾಳಿ ವಾರಕ್ಕೊಮ್ಮೆ ಬದಲಾಗಲಿ. ಹಲಗೆಯ ಮೇಲೆ ಮಾತಾಡಿದವರ ಹೆಸರಿನ ಬದಲು ಬೇರೆಯವರಿಗೆ ನೆರವಾದವರ ಹೆಸರು ಬರಲಿ.

ಮೂರನೆಯದು ಹೊಗಳಿಕೆ. ‘ಜಾಣ’ ಎಂಬ ಬರಿಯ ಮಾತಿನಿಂದ ಮಗು ಕಲಿಯುವುದು ಕಡಿಮೆ. ‘ಬಿದ್ದವಳನ್ನ ಎಬ್ಬಿಸಿದೆಲ್ಲ, ಛಲೋ ಮಾಡಿದಿ’ ಎಂದರೆ ಯಾವುದು ಒಳ್ಳೆಯದೆಂದು ಅದಕ್ಕೂ, ಕೇಳಿದವರಿಗೂ ತಿಳಿಯುತ್ತದೆ. ಕಾಡಿದ ಮಗುವನ್ನು ಒಂಟಿಯಾಗಿ ಕರೆದು ಮಾತಾಡಿಸಬೇಕು. ಮಾಡಿದ ತಪ್ಪನ್ನು ಅದರ ಕೈಯಿಂದಲೇ ಸರಿಪಡಿಸಬೇಕು. ಮನೆಯಲ್ಲಿ ದಿನವೂ ಏಟು ತಿನ್ನುವ ಮಗುವೇ ಶಾಲೆಯಲ್ಲಿ ಕೈ ಎತ್ತುವುದುಂಟು.

ಪಾಲಕರ ಹೊಣೆಯೂ ಇದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂಬುದು ಕಾಯ್ದೆಯ ಮಾತು. ಆ ಸಭೆಗಳಲ್ಲಿ ಕಾಂಪೌಂಡು, ಕೋಣೆಗಳ ಚರ್ಚೆಯ ಜತೆಗೆ ಯಾವ ಮಗು ಯಾಕೆ ಬರುತ್ತಿಲ್ಲ ಎಂಬ ಪ್ರಶ್ನೆಯೂ ಬರಬೇಕು. ಊರಿನಲ್ಲಿ ಹೇಳಿಕೊಳ್ಳಲಾಗದ ತೊಂದರೆಗೆ 1098 ಮಕ್ಕಳ ಸಹಾಯವಾಣಿ ಇದೆ.

ಇದಾವುದಕ್ಕೂ ಅನುದಾನ ಬೇಕಿಲ್ಲ. ದೂರು ಹೇಳಲು ಬಂದ ಮಗುವಿಗೆ ‘ಹೋಗಿ ಕುಂದ್ರು’ ಎನ್ನುವ ಮೊದಲು ‘ದಿನಾ ಹಿಂಗ ಮಾಡ್ತಾನೇನು?’ ಎಂದು ಒಮ್ಮೆ ಕೇಳಿದರೆ, ಜಗಳ ಯಾವುದು, ಕಾಟ ಯಾವುದು ಎಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ.