ಕಡಲಿಗಿಳಿಯುವುದು ದಡದಿಂದಲೋ, ದೋಣಿಯಿಂದಲೋ?

ಊರಿಗೆ ಹೊರಡುವ ದಿನ ನಿಶ್ಚಯವಾದೊಡನೆ ಠಾಕುರ್ಲಿ, ಡೊಂಬಿವಲಿ, ಕಲ್ಯಾಣಗಳ ನಮ್ಮ ತರುಣರಲ್ಲಿ ಹಿಂದೆ ನಡೆಯುತ್ತಿದ್ದ ಚರ್ಚೆ ಒಂದೇ: ಈ ಸಲ ಧರ್ಮಸ್ಥಳಕ್ಕೋ, ಕೊಲ್ಲೂರಿಗೋ? ಈಚೆಗೆ ಅದರೊಡನೆ ಮತ್ತೊಂದು ಸೇರಿಕೊಂಡಿದೆ. ಮುರ್ಡೇಶ್ವರದಲ್ಲಿ ಈಶ್ವರನ ದರ್ಶನ ತೀರಿಸಿಕೊಂಡು, ನೇತ್ರಾಣಿ ದ್ವೀಪದ ಬಳಿ ಕಡಲೊಳಗೆ ಮುಳುಗಿ ಬಣ್ಣಬಣ್ಣದ ಮೀನುಗಳ ದರ್ಶನವನ್ನೂ ಪಡೆದು ಬರಬೇಕೆಂಬ ಆಸೆ ಅದು. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜಕುಮಾರ್ ಅವರು ಅದೇ ನೀರಿನಲ್ಲಿ ಮುಳುಗಿದುದನ್ನು ಕಂಡ ಮೇಲಂತೂ ಈ ಆಸೆ ಗಲ್ಲಾದ ಮೇಲೆ ಕುಳಿತವರಿಂದ ಹಿಡಿದು ತಟ್ಟೆ ತೊಳೆಯುವ ಹುಡುಗರವರೆಗೆ ಹಬ್ಬಿದೆ. ಸ್ಕೂಬಾ ಡೈವಿಂಗ್ ಎಂಬ ಈ ವಿಹಾರ ಇಂದು ಸಿರಿವಂತರ ಸೊತ್ತಾಗಿ ಉಳಿದಿಲ್ಲ. ಅದು ಸಂತೋಷದ ಸಂಗತಿಯೇ.

ಆಸೆಯ ಬೆನ್ನಿಗೇ ಲೆಕ್ಕಾಚಾರವೂ ಬರುತ್ತದೆ. ‘ದೋಣಿಯವರಿಗೆ ಅಷ್ಟೊಂದು ಹಣ ಸುರಿಯುವುದೇಕೆ? ನಾವೇನು ಬಯಲುಸೀಮೆಯವರೇ? ಕಡಲ ಕರೆಯಲ್ಲಿ ಹುಟ್ಟಿದವರು. ಎಲ್ಲಿಯಾದರೂ ಸಿಲಿಂಡರು ಬಾಡಿಗೆಗೆ ಸಿಕ್ಕಿದರೆ ಇಬ್ಬರು ಮೂವರು ಸೇರಿ ದಡದಿಂದಲೇ ಇಳಿದರೆ ಸಾಲದೇ? ಹೊರದೇಶಗಳಲ್ಲಿ ಜನ ಹಾಗೆಯೇ ಮಾಡುತ್ತಾರಲ್ಲ!’ ಎಂದು ವಾದಿಸುವವರನ್ನು ನಾವು ಬಲ್ಲೆವು. ತಿಂಗಳ ಸಂಬಳದಲ್ಲಿ ಊರಿಗೆ ಕಳುಹಿಸಿ ಉಳಿದುದರಿಂದ ರಜೆಯ ಖರ್ಚು ತೂಗಿಸುವವನ ಬಾಯಿಂದ ಈ ಪ್ರಶ್ನೆ ಬಂದರೆ ಅದನ್ನು ನಕ್ಕು ತಳ್ಳಿಹಾಕುವುದು ನ್ಯಾಯವಲ್ಲ. ಉತ್ತರಿಸಲು ಯತ್ನಿಸೋಣ.

ಹೊರದೇಶಗಳಲ್ಲಿ ಜನ ಹಾಗೆ ಮಾಡುತ್ತಾರೆಂಬುದು ನಿಜ. ದಕ್ಷಿಣ ಅಮೆರಿಕದ ಉತ್ತರ ತೀರಕ್ಕೆ ಸಮೀಪದಲ್ಲಿ, ಕೆರಿಬಿಯನ್ ಸಮುದ್ರದಲ್ಲಿ ಬೊನೇರ್ ಎಂಬ ಸಣ್ಣ ದ್ವೀಪವಿದೆ. ಅಲ್ಲಿ ರಸ್ತೆಯ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳನ್ನು ಇಟ್ಟಿರುತ್ತಾರೆ. ಪ್ರತಿಯೊಂದು ಕಲ್ಲಿನ ಮೇಲೆ ಒಂದು ಮುಳುಗುದಾಣದ ಹೆಸರು. ಪ್ರವಾಸಿಗಳು ಬಾಡಿಗೆಯ ವಾಹನದಲ್ಲಿ ಸಿಲಿಂಡರುಗಳನ್ನು ಹೇರಿಕೊಂಡು ಬಂದು, ಕಲ್ಲಿನ ಬಳಿ ನಿಲ್ಲಿಸಿ, ಜೋಡಿಯಾಗಿ ನೀರಿಗೆ ನಡೆದುಹೋಗುತ್ತಾರೆ. ದಡದಿಂದ ಸ್ವಲ್ಪ ದೂರ ಈಜಿದರೆ ಹವಳದ ದಿಬ್ಬ. ಆ ದ್ವೀಪದಲ್ಲಿ ನದಿಗಳಿಲ್ಲವಾದ್ದರಿಂದ ಕಡಲಿಗೆ ಕೆಸರು ಸೇರುವುದಿಲ್ಲ. ಗಾಳಿ ಬಹುಮಟ್ಟಿಗೆ ಪೂರ್ವದಿಂದಲೇ ಬೀಸುವುದರಿಂದ ಪಶ್ಚಿಮದ ತೀರ ಕೆರೆಯಂತೆ ಶಾಂತವಾಗಿರುತ್ತದೆ. ಸುತ್ತಲಿನ ನೀರನ್ನು 1979ರಿಂದಲೇ ಸಂರಕ್ಷಿತ ಪ್ರದೇಶವಾಗಿ ಕಾಪಾಡಿಕೊಂಡು ಬಂದಿದ್ದಾರೆ. ಗಲ್ಫಿನಲ್ಲಿ ದುಡಿಯುವ ನಮ್ಮವರಲ್ಲಿ ಕೆಲವರು ಫುಜೈರಾದ ಅಲ್ ಅಕಾ ಕರೆಯನ್ನು ಕಂಡಿರಬಹುದು. ಅಲ್ಲಿಯೂ ದಡದೆದುರಿಗೇ ಇರುವ ಸ್ನೂಪಿ ಎಂಬ ಬಂಡೆಯ ದ್ವೀಪಕ್ಕೆ ಈಜಿಕೊಂಡೇ ಹೋಗುತ್ತಾರೆ.

ಇಂತಹ ತೀರಗಳಲ್ಲಿ ದಡದ ಮುಳುಗಿಗೆ ಇರುವ ಸೊಗಸೇ ಬೇರೆ. ದೋಣಿಯ ವೇಳೆಗೆ ಕಾಯಬೇಕಿಲ್ಲ, ಅಲೆಗೆ ಹೊಟ್ಟೆ ತೊಳಸುವುದಿಲ್ಲ. ಒಂದೇ ಬಂಡೆಯ ಎದುರು ಅರ್ಧ ತಾಸು ಸುಮ್ಮನೆ ನಿಲ್ಲಬೇಕೆನಿಸಿದರೆ ನಿಲ್ಲಬಹುದು. ಬೇಡವೆನಿಸಿದ ಕ್ಷಣ ಹಿಂದಿರುಗಬಹುದು. ಹಣದ ಉಳಿತಾಯವಂತೂ ಸರಿಯೇ. ಹತ್ತು ಮಂದಿಯ ಹಿಂಡಿನಲ್ಲಿ ಒಬ್ಬನಾಗಿ ಮೀನು ನೋಡುವುದಕ್ಕೂ ಇದಕ್ಕೂ ಇರುವ ಅಂತರ, ಮದುವೆಮನೆಯ ಮೂರನೆಯ ಪಂಕ್ತಿಯ ಊಟಕ್ಕೂ ಮನೆಯೂಟಕ್ಕೂ ಇರುವ ಅಂತರದಂಥದು.

ಆದರೆ ಬೊನೇರಿನ ಕಡಲು ನಮ್ಮ ಕಡಲಲ್ಲ. ಕಾರವಾರದಿಂದ ಉಳ್ಳಾಲದವರೆಗೆ ನಮ್ಮ ತೀರವನ್ನು ಒಮ್ಮೆ ಮನಸ್ಸಿನಲ್ಲಿ ನೋಡಿಕೊಂಡು ಬನ್ನಿ. ಕಾಳಿ, ಅಘನಾಶಿನಿ, ಶರಾವತಿ, ಸ್ವರ್ಣಾ, ನೇತ್ರಾವತಿ—ಘಟ್ಟದಿಂದಿಳಿದ ಒಂದೊಂದು ಹೊಳೆಯೂ ತಂದ ಮಣ್ಣನ್ನು ಈ ಕಡಲಿಗೇ ಒಪ್ಪಿಸುತ್ತದೆ. ದಡದಲ್ಲಿ ಮರಳು, ಮರಳಿನ ಮೇಲೆ ಒಡೆಯುವ ಅಲೆ, ಅಲೆ ಕದಡಿದ ನೀರಿನಲ್ಲಿ ತನ್ನ ಕೈ ತನಗೇ ಮಸುಕು. ನೋಡಲು ಯೋಗ್ಯವಾದ ಹವಳವೂ ಮೀನೂ ಇರುವುದು ದಡಕ್ಕೆ ದೂರವಾದ ದ್ವೀಪಗಳ ಬುಡದಲ್ಲಿ. ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು. ದೋಣಿಯಲ್ಲಿ ಒಂದು ತಾಸಿಗೂ ಮಿಕ್ಕ ಪಯಣ. ಹೀಗಿರಲು ನಮ್ಮ ಊರಿನಲ್ಲಿ ದಡವನ್ನು ಆರಿಸಿಕೊಂಡವನು ಉಳಿಸುವುದು ಹಣವನ್ನು, ಕಳೆದುಕೊಳ್ಳುವುದು ನೋಟವನ್ನು.

ಹಾಗಾದರೆ ನಮ್ಮ ತೀರದಲ್ಲಿ ದಡದಿಂದ ಮುಳುಗುವವರೇ ಇಲ್ಲವೇ? ಇದ್ದಾರೆ, ಮತ್ತು ಅವರನ್ನು ಮರೆತರೆ ಈ ವಿಷಯವನ್ನು ತೂಗಿದಂತಾಗುವುದಿಲ್ಲ. ಬಂಡೆಗೆ ಅಂಟಿದ ಪಚ್ಚಿಲೆಯನ್ನು ಎಬ್ಬಿಸಿ ತರುವ ನಮ್ಮ ಕರಾವಳಿಯ ಜನ ಯಾವ ಸಿಲಿಂಡರೂ ಇಲ್ಲದೆ, ಉಸಿರು ಬಿಗಿಹಿಡಿದು, ಕೈಯಲ್ಲೊಂದು ಕಬ್ಬಿಣದ ತುಂಡು, ಸೊಂಟಕ್ಕೊಂದು ಬಲೆಯ ಚೀಲ—ಇಷ್ಟೇ ಆಯುಧದೊಡನೆ ಇಳಿಯುತ್ತಾರೆ. ಪಚ್ಚಿಲೆ ಗಸಿಯನ್ನು ಚಪ್ಪರಿಸುವಾಗ ನಮಗೆ ಅವರ ನೆನಪಾಗುವುದು ಅಪರೂಪ. ಅವರ ಧೈರ್ಯವನ್ನು ಹೊಗಳುವವರು ಬಹಳ. ಅವರ ಜಾಗರೂಕತೆಯನ್ನು ಗಮನಿಸಿದವರು ಕಡಮೆ. ನೀರು ಇಳಿದ ವೇಳೆಯನ್ನೇ ನೋಡಿ ಹೋಗುತ್ತಾರೆ. ಒಬ್ಬೊಬ್ಬರೇ ಹೋಗುವುದಿಲ್ಲ. ಬಂಡೆಯ ಮೇಲೆ ನಿಂತು ಕಡಲನ್ನು ಬಹಳ ಹೊತ್ತು ನೋಡಿ, ಏನೂ ಹೇಳದೆ ಮನೆಗೆ ತಿರುಗುವ ದಿನಗಳೂ ಅವರಿಗುಂಟು. ತಲೆಮಾರುಗಳಿಂದ ಅದೇ ನಾಲ್ಕು ಬಂಡೆಗಳನ್ನು ಬಲ್ಲವರು ಅವರು. ಹನ್ನೆರಡನೆಯ ವಯಸ್ಸಿಗೆ ಊರು ಬಿಟ್ಟು ಮುಂಬಯಿಯ ಹೋಟೆಲು ಸೇರಿ, ಹಗಲು ಕಪ್ಪು-ಬಸಿ ಎತ್ತಿ ಇರುಳು ರಾತ್ರಿಶಾಲೆಯಲ್ಲಿ ಓದಿದ ನಮ್ಮಂಥವರು ‘ಕಡಲು ನಮ್ಮದೇ’ ಎಂದು ಎದೆ ತಟ್ಟಿಕೊಳ್ಳುವ ಮುನ್ನ, ಕಡೆಯ ಸಲ ಎಷ್ಟು ಮಾರು ಈಜಿದ್ದೆವೆಂದು ನೆನಪಿಸಿಕೊಳ್ಳುವುದು ಒಳಿತು.

ದಡ ಅಗ್ಗವೆಂಬುದು ಸರಿ, ಸುರಕ್ಷಿತವೆಂಬುದು ಭ್ರಮೆ. 2024ರ ಡಿಸೆಂಬರ್ 10ರಂದು ಅದೇ ಮುರ್ಡೇಶ್ವರದ ಕರೆಯಲ್ಲಿ, ಶಾಲಾಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರು ಮುಳುಗಲು ಹೋದವರಲ್ಲ. ಅಲೆಯಲ್ಲಿ ಆಡಲು ಹೋದ ಮಕ್ಕಳು. ದಡಕ್ಕೆ ಬಂದ ಅಲೆಯ ನೀರು ಎಲ್ಲಿಯೋ ಒಂದು ಕಡೆ ಓಣಿ ಮಾಡಿಕೊಂಡು ರಭಸದಿಂದ ಹಿಂದಕ್ಕೆ ಹೊರಡುವುದುಂಟು. ಮೇಲ್ನೋಟಕ್ಕೆ ಆ ಓಣಿಯೇ ಅಲೆಯಿಲ್ಲದೆ ಶಾಂತವಾಗಿ ಕಾಣುವುದರಿಂದ ಅರಿಯದವರು ಅಲ್ಲಿಯೇ ಇಳಿಯುತ್ತಾರೆ. ಅದರಲ್ಲಿ ಸಿಕ್ಕಿದವನು ದಡದತ್ತ ಎದುರೀಜು ಹೊಡೆದು ಸೋಲಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಓಣಿಯಿಂದ ಹೊರಬಂದು, ಆಮೇಲೆ ತಿರುಗಬೇಕು. ಬೆನ್ನಿಗೆ ಸಿಲಿಂಡರನ್ನೂ ಸೊಂಟಕ್ಕೆ ಸೀಸದ ಭಾರವನ್ನೂ ಕಟ್ಟಿಕೊಂಡವನಿಗೆ, ಒಡೆಯುವ ಅಲೆಯನ್ನು ಹೋಗುವಾಗಲೊಮ್ಮೆ ಬರುವಾಗಲೊಮ್ಮೆ ದಾಟುವುದೇ ಮುಳುಗುವುದಕ್ಕಿಂತ ಕಷ್ಟದ ಕೆಲಸ.

ಇನ್ನು ಸಿಲಿಂಡರಿನ ಲೆಕ್ಕ. ಅದರಲ್ಲಿ ಆಮ್ಲಜನಕ ತುಂಬಿರುತ್ತದೆಂದು ಹಲವರು ನಂಬಿದ್ದಾರೆ. ಸಾಮಾನ್ಯವಾಗಿ ಇರುವುದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ, ಒತ್ತಿ ತುಂಬಿದ್ದು. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 2400 ಲೀಟರು ಗಾಳಿ. ಮೇಲೆ ನಿಮಿಷಕ್ಕೆ 20 ಲೀಟರು ಸೇದುವವನು 10 ಮೀಟರು ಆಳದಲ್ಲಿ 40 ಲೀಟರು ಸೇದುತ್ತಾನೆ, ಏಕೆಂದರೆ ಅಲ್ಲಿ ಒತ್ತಡ ಇಮ್ಮಡಿ. ಆಪತ್ತಿಗೆಂದು 50 ಬಾರ್ ತೆಗೆದಿರಿಸಿದರೆ ಉಳಿಯುವುದು 45 ನಿಮಿಷ. ಇದು ಪಳಗಿದವನ ಮಾತು. ಹೆದರಿ ಏದುಸಿರು ಬಿಡುವ ಹೊಸಬನಿಗೆ ಅದರ ಅರ್ಧ ಸಿಕ್ಕಿದರೂ ಭಾಗ್ಯ. ದಡದಿಂದ ಹೊರಟವನು ಹೋಗುವ ದಾರಿಗೂ ಬರುವ ದಾರಿಗೂ ಇದರಿಂದಲೇ ತೆರಬೇಕು. ಮೂರರಲ್ಲೊಂದು ಪಾಲು ಹೋಗಲು, ಒಂದು ಬರಲು, ಒಂದು ಮುಟ್ಟದೆ ಇರಿಸಲು ಎಂಬುದು ಬಲ್ಲವರ ಕಟ್ಟಳೆ. ಭಟ್ಟಿಯ ಮೇಲೆ ಇಡ್ಲಿ ಅರ್ಧ ಬೆಂದಾಗ ಗ್ಯಾಸು ಮುಗಿದರೆ ಇನ್ನೊಂದು ಸಿಲಿಂಡರು ಹಚ್ಚಬಹುದು; ಅಲ್ಲಿ ಆ ಸೌಕರ್ಯವಿಲ್ಲ.

ಇನ್ನೊಂದು ನಿಯಮ ದಡಕ್ಕೂ ದೋಣಿಗೂ ಸಮಾನ: ಸಿಲಿಂಡರಿನ ಗಾಳಿ ಸೇದಿದವನು ಮೇಲೇರುವಾಗ ಉಸಿರು ಕಟ್ಟಲೇಬಾರದು. 10 ಮೀಟರಿನಲ್ಲಿ ಎದೆ ತುಂಬಿದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ, ಶ್ವಾಸಕೋಶ ಬಿರಿಯುತ್ತದೆ. ಪಚ್ಚಿಲೆಯವನು ಉಸಿರು ಕಟ್ಟಿಯೇ ಬದುಕುತ್ತಾನೆ. ಸಿಲಿಂಡರಿನವನು ಅದನ್ನೇ ಮಾಡಿದರೆ ಸಾಯುತ್ತಾನೆ. ಬಾಲ್ಯದಲ್ಲಿ ಕೆರೆಯಲ್ಲಿ ಕಲಿತ ವಿದ್ಯೆ ಇಲ್ಲಿ ಶತ್ರುವಾಗುವುದೆಂಬುದನ್ನು ನಮ್ಮ ಕರಾವಳಿಯ ತರುಣರು ವಿಶೇಷವಾಗಿ ಗಮನಿಸಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ದೋಣಿಯವರೆಲ್ಲ ದೇವರೆಂದು ನಾವು ಸಾರುತ್ತಿಲ್ಲ. ಇಲ್ಲಿಂದ ಊರಿಗೆ ಹೋಗುವ ದಾರಿಯಲ್ಲೇ, ಕುಡಾಳದಲ್ಲಿ ಇಳಿದರೆ ಮಾಲವಣ-ತಾರ್ಕರ್ಲಿ. ಶಿವಾಜಿ ಮಹಾರಾಜರು 1664ರಲ್ಲಿ ಕಟ್ಟಲಾರಂಭಿಸಿದ ಸಿಂಧುದುರ್ಗದ ಸುತ್ತಿನ ಆಳ ಕಡಮೆಯ ನೀರಿನಲ್ಲಿ ಸಾವಿರಾರು ಪ್ರವಾಸಿಗಳು ಮುಳುಗುತ್ತಾರೆ. ಅಲ್ಲಿ 2022ರ ಮೇ 24ರಂದು ಮುಳುಗಿನ ವಿಹಾರ ಮುಗಿಸಿ ಮರಳುತ್ತಿದ್ದ ದೋಣಿಯೇ ಮಗುಚಿ ಇಬ್ಬರು ಪ್ರಾಣ ಕಳೆದುಕೊಂಡರು. ಆಸ್ಟ್ರೇಲಿಯದಲ್ಲಿ 1998ರ ಜನವರಿಯಲ್ಲಿ ನಡೆದುದು ಇನ್ನೂ ವಿಚಿತ್ರ. ತಲೆಯೆಣಿಕೆ ತಪ್ಪಿ, ಅಮೆರಿಕದ ದಂಪತಿಗಳನ್ನು ಹವಳದಿಬ್ಬದ ಬಳಿ ನೀರಿನಲ್ಲಿಯೇ ಬಿಟ್ಟು ದೋಣಿ ದಡಕ್ಕೆ ಬಂದಿತು. ಅವರು ಬಂದಿಲ್ಲವೆಂಬುದು ತಿಳಿದದ್ದು ಎರಡು ದಿನಗಳ ಮೇಲೆ, ಅವರ ಚೀಲ ದೋಣಿಯಲ್ಲಿ ಉಳಿದುದು ಕಂಡಾಗ. ಅವರು ಸಿಗಲೇ ಇಲ್ಲ.

ಆದ್ದರಿಂದ ದೋಣಿಗೆ ಹಣ ಕೊಡುವವನು ಏನನ್ನು ಕೊಳ್ಳುತ್ತಿದ್ದೇನೆಂದು ತಿಳಿದಿರಬೇಕು. ಹೋಟೆಲಿನಲ್ಲಿ ಗಿರಾಕಿ ಕೊಡುವುದು ಅಕ್ಕಿ ಬೇಳೆಯ ಕ್ರಯವನ್ನು ಮಾತ್ರವಲ್ಲ. ನಸುಕಿನಲ್ಲೆದ್ದು ಭಟ್ಟಿ ಹಚ್ಚಿದವನ ಎಚ್ಚರವೂ ಅದರಲ್ಲಿ ಸೇರಿದೆ. ದೋಣಿಯ ಹಣವೂ ಹಾಗೆಯೇ. ನೀನು ಕೆಳಗಿದ್ದೀಯೆಂದು ಬಲ್ಲ ಒಬ್ಬ ಮನುಷ್ಯ ಮೇಲಿದ್ದಾನೆ, ನೀನು ಬರುವ ತನಕ ಅವನು ಕದಲುವುದಿಲ್ಲ—ಕೊಳ್ಳುವುದು ಈ ಭರವಸೆಯನ್ನು. ಅದು ಇಲ್ಲದ ದೋಣಿ ದಡಕ್ಕಿಂತ ಕೀಳು. ಎಲ್ಲರೂ ಮುಳುಗಿದಾಗ ದೋಣಿಯಲ್ಲಿ ಉಳಿಯುವವರು ಯಾರು? ಹೆಸರು ಕರೆದು ಎಣಿಸುವರೇ? ಎಲ್ಲರಿಗೂ ತೇಲುವ ಅಂಗಿಯುಂಟೇ, ಪಯಣದುದ್ದಕ್ಕೂ ಅದನ್ನು ತೊಡಿಸುವರೇ? ಹೊಸಬನಿಗೆ ಒಬ್ಬನೇ ಶಿಕ್ಷಕನೋ, ನಾಲ್ವರಿಗೊಬ್ಬನೋ? ಕೇಳಿ. ಉತ್ತರಿಸಲು ಬೇಸರಪಡುವವನ ದೋಣಿ ಎಷ್ಟು ಅಗ್ಗವಾದರೂ ಬೇಡ. ರೇಟು ಇಳಿಸಲು ಅರ್ಧ ತಾಸು ಚೌಕಾಸಿ ಮಾಡುವ ನಮ್ಮವರು ಈ ಪ್ರಶ್ನೆಗಳಿಗೆ ಅರ್ಧ ನಿಮಿಷ ವ್ಯಯಿಸುವುದಿಲ್ಲವೆಂಬುದು ನಮ್ಮ ದೂರು.

ಉಳಿತಾಯಕ್ಕೆಂದು ಮೀನುಗಾರರ ದೋಣಿ ಗೊತ್ತುಮಾಡಿ ನೇತ್ರಾಣಿಗೆ ತಾವೇ ಹೋಗುವ ಯೋಚನೆಯನ್ನೂ ಕೆಲವರು ಮಾಡುವುದುಂಟು. ಆ ದ್ವೀಪ ನೌಕಾದಳದವರು ಗುರಿಯಭ್ಯಾಸಕ್ಕೆ ಬಳಸಿಕೊಂಡು ಬಂದ ಸ್ಥಳ. ಅಲ್ಲಿಗೆ ಅನುಮತಿ ಪಡೆದ ಸಂಸ್ಥೆಯವರೊಡನೆಯೇ ಹೋಗಬೇಕು.

ಈಜು ಬಾರದವನೂ ಶಿಕ್ಷಕನ ಕೈಹಿಡಿದು ಒಮ್ಮೆ ಮುಳುಗಿ ಬರಬಹುದು. ಅದು ನೋಟದ ರುಚಿಗಾಗಿ. ಯಾರ ಹಂಗೂ ಇಲ್ಲದೆ ಜೊತೆಗಾರನೊಡನೆ ಇಳಿಯಬೇಕೆಂಬ ಹಟವಿದ್ದವನಿಗೆ ದಾರಿ ಬೇರೆಯಿದೆ. ಪ್ರಪಂಚದೆಲ್ಲೆಡೆ ಮನ್ನಣೆಯಿರುವ ಪ್ರಾಥಮಿಕ ಶಿಕ್ಷಣ ಮೂರು ನಾಲ್ಕು ದಿನಗಳದು. 200 ಮೀಟರು ಈಜಬೇಕು, 10 ನಿಮಿಷ ತೇಲಬೇಕು. ಮುಗಿಸಿದವನು 18 ಮೀಟರಿನವರೆಗೆ ಇಳಿಯಲು ಅರ್ಹ. ಠಾಣೆ-ಕಲ್ಯಾಣಗಳ ನಡುವೆ ಯಾವುದಾದರೊಂದು ಈಜುಕೊಳದಲ್ಲಿ ಆರು ತಿಂಗಳು ಬೆಳಗಿನ ಒಂದು ತಾಸನ್ನು ಕೊಟ್ಟರೆ ಆ ಭಾಗ ಇಲ್ಲಿಯೇ ಮುಗಿಯುತ್ತದೆ. ಪಾಳಿಯ ಕೆಲಸದವರಿಗೆ ಇದು ಕಷ್ಟವೆಂಬುದನ್ನು ನಾವು ಬಲ್ಲೆವು, ಅಸಾಧ್ಯವೆಂದು ಒಪ್ಪೆವು. ಅಂಥವನು ಮುಂದೆಂದಾದರೂ ಅಂಡಮಾನಿನಲ್ಲೋ ಫುಜೈರಾದಲ್ಲೋ ದಡದಿಂದ ಇಳಿದರೆ ನಮ್ಮ ಆಕ್ಷೇಪವಿಲ್ಲ. ದಡದ ಮೇಲೆ ಗಡಿಯಾರ ನೋಡುತ್ತ ಕುಳಿತಿರಲು ಒಬ್ಬನನ್ನು ಬಿಟ್ಟು ಇಳಿಯಲಿ. ನಮ್ಮ ದೇಶದಲ್ಲಾದರೆ ತಟರಕ್ಷಕ ದಳದ 1554, ಸಾಮಾನ್ಯ ತುರ್ತಿಗೆ 112—ಈ ಎರಡು ಸಂಖ್ಯೆಗಳು ಆ ಕುಳಿತವನಿಗೆ ಬಾಯಿಪಾಠವಿರಲಿ.

ಮಳೆಗಾಲದ ನಾಲ್ಕು ತಿಂಗಳು ನೇತ್ರಾಣಿಯ ಮಾತೇ ಇಲ್ಲ. ಅಕ್ಟೋಬರಿನಿಂದ ಮೇವರೆಗೆ ಹೋಗಬಹುದು. ದೀಪಾವಳಿಗೆ ಊರಿಗೆ ಹೋಗುವವರಿಗೂ ಬೇಸಿಗೆಗೆ ಹೋಗುವವರಿಗೂ ಅನುಕೂಲವೇ. ನೆಗಡಿಯಾಗಿ ಕಿವಿ ಕಟ್ಟಿದ್ದರೆ ಆ ದಿನ ಬಿಡಬೇಕು. ಮುಳುಗಿದ ದಿನವೇ ಬೆಂಗಳೂರಿಗೆಂದು ಘಟ್ಟ ಹತ್ತುವುದೂ ಸರಿಯಲ್ಲ. ಎತ್ತರಕ್ಕೆ ಏರಿದಂತೆ ಗಾಳಿಯ ಒತ್ತಡ ತಗ್ಗಿ, ರಕ್ತದಲ್ಲಿ ಕರಗಿ ನಿಂತ ಸಾರಜನಕ ಗುಳ್ಳೆಯಾಗಿ ಕೀಲುಗಳನ್ನು ಹಿಡಿಯುವ ಭಯವಿದೆ. ಮಂಗಳೂರಿನಿಂದ ವಿಮಾನ ಏರುವವರು ಕಡಮೆಯೆಂದರೆ 18 ತಾಸು ಕಾಯುವುದು ಲೇಸು. ಕೊಂಕಣ ರೈಲು ಕಡಲ ಬದಿಯ ತಗ್ಗಿನಲ್ಲೇ ಓಡುವುದರಿಂದ, ಮತ್ಸ್ಯಗಂಧದಲ್ಲಿ ಠಾಣೆಗೆ ಮರಳುವ ನಮ್ಮವರಿಗೆ ಈ ತೊಂದರೆಯಿಲ್ಲ.